ಎರಡು ನೀರಿನ ನಡುವೆ ಐದು ಮೀನು

ಮೀನುಗಳನ್ನು ಗ್ರಂಥಾಲಯಕ್ಕೆ ಕೊಡಲು ಒಪ್ಪಿದ ದಿನವೇ ಡ್ರೈವರ್ ಚಾಚಾ ಒಂದು ಷರತ್ತನ್ನೂ ಹಾಕಿದರು.

“ಅಕ್ಕಾರ, ಐದೂ ಮೀನ ನಿಮಗ ಕೊಡತೇನ್ರಿ. ಆದ್ರ ಒಂದಕ್ಕ ಏನರ ಆತಂದ್ರ, ಉಳದ ನಾಕೂ ಅವತ್ತಽ ಹುಬ್ಬಳ್ಳಿ ಅಂಗಡಿಗೆ ಕೊಟ್ಟ ಬರತೇನಿ. ಒಂದೊಂದಽ ಹೋಗೂದ ನೋಡ್ಕೋತ ಕೂಡೂ ಮನಷ್ಯಾ ಅಲ್ಲ ನಾ.”

ಷರತ್ತು ನ್ಯಾಯವಾದುದೆಂದು ನಾನು ಒಪ್ಪಿಕೊಂಡೆ. ಅದು ಎಷ್ಟು ಕಠಿಣವಾದುದೆಂಬುದು ಆಗ ನನಗೆ ಹೊಳೆಯಲಿಲ್ಲ.

ಚಾಚಾ ನವಲಗುಂದ-ಅಣ್ಣಿಗೇರಿ ದಾರಿಯಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಅವರ ಮಣ್ಣಿನ ಮಾಳಿಗೆಯ ಮನೆಯನ್ನು ಕೆಡವಿ ಅದೇ ಜಾಗದಲ್ಲಿ ಸ್ಲ್ಯಾಬಿನ ಮನೆ ಕಟ್ಟಿಸುವುದು ನಿಶ್ಚಯವಾಗಿತ್ತು. ಕಟ್ಟಡ ಮುಗಿಯುವ ತನಕ ಗಂಡಹೆಂಡತಿ ಓಣಿಯ ತುದಿಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಗೆ ಹೋಗುವವರಿದ್ದರು. ಎರಡು ಮಂಚ ಹಾಕಿದರೆ ಆ ಕೋಣೆಯಲ್ಲಿ ಮೂರನೆಯ ವಸ್ತುವಿಗೆ ಜಾಗವಿರಲಿಲ್ಲ. ಪಡಸಾಲೆಯಲ್ಲಿದ್ದ ಗಾಜಿನ ತೊಟ್ಟಿಯಂತೂ ಅಲುಗಿಸಿದರೆ ಕೈಗೆ ಬರುವಂತಿತ್ತು. ಅದರ ಒಂದು ಮೂಲೆಯ ಸೋರಿಕೆಯನ್ನು ಅವರು ಅಂಟು ಮೆತ್ತಿ ಮೆತ್ತಿ ತಡೆದಿದ್ದರು. ಅದರೊಳಗಿನ ಐದು ಗೋಲ್ಡ್‌ಫಿಶ್‌ಗಳು ವರ್ಷಗಳಿಂದ ಬೆಳೆದು ಅಂಗೈಯಷ್ಟಾಗಿದ್ದವು. ಎಲ್ಲಕ್ಕಿಂತ ದೊಡ್ಡದು, ಒಂದು ಗಳಿಗೆ ನಿಲ್ಲದೆ ಸುತ್ತುವುದು, ನಾನ್‌ಸ್ಟಾಪ್. ಪ್ರತಿಯೊಂದು ಕಲ್ಲಿನೆದುರು ನಿಂತು ಮುಂದೆ ಹೋಗುವುದು ಲೋಕಲ್. ಕತ್ತಲಾಗುವ ಮೊದಲೇ ಮೂಲೆ ಸೇರಿ ಬೆಳಗಿನ ತನಕ ಅಲ್ಲಾಡದಿರುವುದು ವಸ್ತಿ. ಹಳ್ಳಿಯಲ್ಲಿ ರಾತ್ರಿ ತಂಗುವ ಬಸ್ಸಿಗೆ ನಮ್ಮ ಕಡೆ ವಸ್ತಿ ಗಾಡಿ ಎನ್ನುತ್ತಾರೆ. ಉಳಿದ ಎರಡನ್ನು ಚಾಚಾ ಬರೀ ಜೋಡಿ ಎಂದು ಕರೆಯುತ್ತಿದ್ದರು, ಏಕೆಂದರೆ ಅವುಗಳಲ್ಲಿ ಯಾವುದು ಯಾವುದೆಂದು ಅವರಿಗೇ ತಿಳಿಯುತ್ತಿರಲಿಲ್ಲ.

ನಾನು ಆ ಊರಿನ ಗ್ರಾಮ ಪಂಚಾಯತಿ ಗ್ರಂಥಾಲಯವನ್ನು ನೋಡಿಕೊಳ್ಳುವವಳು. ಊರು ಮೊರಬಕ್ಕೆ ಸಮೀಪ, ಸುತ್ತ ಎರೆಭೂಮಿ. ಗ್ರಂಥಾಲಯವೆಂದರೆ ಎಲ್ಲ ಓಣಿಯವರೂ ಹಕ್ಕಿನಿಂದ ಬಂದು ಕೂಡುವ ಜಾಗವಾಗಬೇಕೆಂಬುದು ನನ್ನ ನಂಬಿಕೆ. ನಡೆಯುತ್ತಿದ್ದುದು ಬೇರೆ. ಬರುವವರು ದಿನಪತ್ರಿಕೆ ಓದುವ ಕೆಲವು ಗಂಡಸರು ಮತ್ತು ಪರೀಕ್ಷೆಯ ಕಾಲದ ವಿದ್ಯಾರ್ಥಿಗಳು. ಕೆಳಗಿನ ಓಣಿಯ ಹೆಣ್ಣುಮಕ್ಕಳು ಬಾಗಿಲಿಗೆ ಬಂದು ಇಣುಕಿ ಹೋಗುತ್ತಿದ್ದರು. ಪುಸ್ತಕ ತೋರಿಸಿ ಕರೆದಾಗ ಒಳಗೆ ಬಾರದವರು ಮೀನು ನೋಡಲಾದರೂ ಬರಬಹುದೆಂದು ನಾನು ಲೆಕ್ಕ ಹಾಕಿದೆ. ಪಂಚಾಯತಿಯ ಅಧ್ಯಕ್ಷರಿಗೆ ಈ ವಾದವನ್ನು ಮಂಡಿಸಿದಾಗ ಅವರು ಹೆಚ್ಚು ಪ್ರಶ್ನೆ ಕೇಳದೆ ದೊಡ್ಡದೊಂದು ಹೊಸ ತೊಟ್ಟಿಯನ್ನು ತರಿಸಿಕೊಟ್ಟರು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತವರಿಗೆ ಇಂಥ ಸುಲಭದ ಗೆಲುವು ಸ್ವಲ್ಪ ಅಹಂಕಾರವನ್ನು ಕೊಡುತ್ತದೆ. ನನಗೂ ಕೊಟ್ಟಿತು.

ಮೊದಲ ತೊಡಕು ಬಂದದ್ದು ನೆಲದಿಂದ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ನಿಂತ ನಮ್ಮ ಕಟ್ಟಡದ ನೆಲ ಒಂದು ಬದಿಗೆ ವಾಲಿದೆ. ಪುಸ್ತಕದ ಕಪಾಟುಗಳಿಗೆ ಇದರಿಂದ ಏನೂ ಆಗಿರಲಿಲ್ಲ. ಆದರೆ ತೊಟ್ಟಿಯನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಟ್ಟು ಸೋರಿಕೆಯ ಪರೀಕ್ಷೆಗೆ ನೀರು ತುಂಬಿದಾಗ, ಒಂದು ತುದಿಯಲ್ಲಿ ಅಂಚಿನವರೆಗೆ ಬಂದ ನೀರು ಇನ್ನೊಂದು ತುದಿಯಲ್ಲಿ ಎರಡು ಬೆರಳು ಕೆಳಗಿತ್ತು. ಹಾಗೆಯೇ ಬಿಟ್ಟರೆ ಭಾರವೆಲ್ಲ ಒಂದೇ ಗಾಜಿನ ಮೇಲೆ ಬಿದ್ದು ಅದು ಎಂದಾದರೂ ಸೀಳುವುದು ಖಂಡಿತ. ತೊಟ್ಟಿಯ ನೀರನ್ನೆಲ್ಲ ತೆಗೆದೆವು. ಗೋಡೆ ಕಟ್ಟುವ ಗವಂಡಿಯೊಬ್ಬರು ತಮ್ಮ ರಸಮಟ್ಟ ತಂದು ಸ್ಟ್ಯಾಂಡಿನ ಎರಡು ಕಾಲುಗಳ ಕೆಳಗೆ ಕಬ್ಬಿಣದ ತಗಡು ಕೊಟ್ಟು ಸಮ ಮಾಡಿದರು. ಗಾಜಿನ ಕೆಳಗೆ ಥರ್ಮಾಕೋಲ್ ಹಾಳೆ ಹಾಸಿದೆವು. ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆಂದು ಕಿಟಕಿಯಿಂದ ದೂರದ ಗೋಡೆಗೆ ಸ್ಟ್ಯಾಂಡನ್ನು ಸರಿಸಿದಾಗ ಮತ್ತೆ ಸಮ ತಪ್ಪಿತು. ಗವಂಡಿ ಮತ್ತೆ ಬಂದರು, ಮತ್ತೆ ನಕ್ಕರು. ಹುಬ್ಬಳ್ಳಿಯ ಮೀನಂಗಡಿಯವರು ಫೋನಿನಲ್ಲಿ ಹೇಳಿದಂತೆ ಚಾಚಾ ಅವರ ಹಳೆಯ ತೊಟ್ಟಿಯ ಸ್ಪಂಜನ್ನು ಅರ್ಧ ಕತ್ತರಿಸಿ ತಂದು ಹೊಸ ಫಿಲ್ಟರಿನಲ್ಲಿ ಕೂಡಿಸಿದೆವು. ಮೀನಿನ ಹೊಲಸನ್ನು ಅರಗಿಸುವ ಕಣ್ಣಿಗೆ ಕಾಣದ ಜೀವಿಗಳು ಆ ಕೊಳಕು ಸ್ಪಂಜಿನಲ್ಲೇ ಇರುತ್ತವೆ. ಅದನ್ನು ಸೋಪು ಹಾಕಿ ತೊಳೆದು ಕೊಡಲು ಹೊರಟಿದ್ದ ಚಾಚಾ ಅವರ ಹೆಂಡತಿಯನ್ನು ತಡೆಯುವುದೇ ಒಂದು ಕೆಲಸವಾಯಿತು. ಮಂದಿ ಮನೆಗೆ ಇಂಥಾದ್ದನ್ನು ಕಳಿಸಿದರೆ ಚಾಚಿಯ ಮನೆ ಎಷ್ಟು ಹೊಲಸೆಂದು ಆಡಿಕೊಳ್ಳುವುದಿಲ್ಲವೇ ಎಂಬುದು ಅವರ ಆಕ್ಷೇಪ.

ಇನ್ನು ನೀರು. ನಾವು ತಪ್ಪಿದ್ದು ಇಲ್ಲಿ, ಮತ್ತು ಎಲ್ಲರೂ ಕೂಡಿ ತಪ್ಪಿದೆವು.

ನಮ್ಮ ತಾಲೂಕಿನಲ್ಲಿ ಕೊಳವೆಬಾವಿಯ ನೀರು ಬಾಯಿಗೆ ಹಾಕುವಂತಿಲ್ಲ, ಸವಳು. ಕಾಲುವೆಯಿಂದ ತುಂಬಿಸಿಕೊಂಡ ಕೆರೆಯ ನೀರೇ ಊರಿನ ಜೀವ. ಈಚೆಗೆ ಶುದ್ಧ ನೀರಿನ ಘಟಕ ಬಂದ ಮೇಲೆ ಕುಡಿಯಲು ಎಲ್ಲರೂ ಅಲ್ಲಿಯ ‘ಫಿಲ್ಟರ್ ನೀರು’ ತರುತ್ತಾರೆ. ಮನೆಗೆ ಬೀಗರು ಬಂದರೆ ಫಿಲ್ಟರ್ ನೀರು, ಕೂಲಿಗೆ ಹೋಗುವಾಗ ಬಾಟಲಿಯಲ್ಲಿ ಫಿಲ್ಟರ್ ನೀರು. ಅಂದಮೇಲೆ ಮೀನಿಗೆ ಅದಕ್ಕಿಂತ ಕಡಿಮೆಯದನ್ನು ಕೊಡುವುದುಂಟೇ? ಮಹಿಳಾ ಸಂಘದ ಸಭೆಯಲ್ಲಿ ನಾನು ಎದ್ದು ನಿಂತು ಮಾತಾಡಿದೆ. ಈ ತೊಟ್ಟಿಯನ್ನು ಒಂದು ನಳ ತುಂಬಿಸಬಾರದು, ಪ್ರತಿಯೊಂದು ಓಣಿಯಿಂದ ನೀರು ಬರಬೇಕು, ಯಾರ ಕೊಡದ ನೀರೂ ಬೇಡವೆನಿಸಬಾರದು ಎಂದೆ. ಊರಿನ ಜಾತಿ ಜಾತಿಯ ನೀರಿನ ಲೆಕ್ಕವನ್ನು ಒಂದೇ ಗಾಜಿನೊಳಗೆ ಕಲಸಿಬಿಡುವ ಹಂಬಲ ನನ್ನದಾಗಿತ್ತು. ಇದನ್ನು ನಾನು ಬಿಡಿಸಿ ಹೇಳಲಿಲ್ಲ. ಕೇಳಿದವರಿಗೆ ತಿಳಿಯಿತು.

ಮರುದಿನ ಮುಂಜಾನೆ ಬಂದ ಕೊಡಗಳನ್ನು ನೆನೆದರೆ ಈಗಲೂ ಸಂತೋಷವಾಗುತ್ತದೆ. ಮೇಲಿನ ಓಣಿಯವರು, ನೇಕಾರರ ಮನೆಯವರು, ಗ್ರಂಥಾಲಯದ ಮೆಟ್ಟಿಲನ್ನು ಎಂದೂ ಹತ್ತದಿದ್ದ ಕೆಳಗಿನ ಓಣಿಯ ತಾಯಂದಿರು, ಎಲ್ಲರೂ ಸಾಲಾಗಿ ಬಂದು ತಮ್ಮ ಕೈಯಿಂದಲೇ ನೀರು ಸುರಿದರು. ಅಜ್ಜಿಯೊಬ್ಬರು ಯಮನೂರಿನ ಜಾತ್ರೆಗೆ ಹೋದಾಗ ತಂದಿದ್ದ ಹಳ್ಳದ ನೀರನ್ನು ಸಣ್ಣ ಬಾಟಲಿಯಲ್ಲಿ ಹಿಡಿದು ಬಂದು, ಮೀನಿಗೆ ರೋಗ ಬರಬಾರದೆಂದು ಎರಡು ಹನಿ ಬಿಟ್ಟರು. ಉಳಿದವರೆಲ್ಲ ತಂದದ್ದು ಘಟಕದ ನೀರು. ಚಾಚಾ ಅಂತೂ ನನ್ನ ಕೈ ಹಿಡಿದು, ಇಷ್ಟು ವರ್ಷ ಮೀನುಗಳಿಗೆ ತಮ್ಮ ಮನೆಯಲ್ಲಿ ಬರೀ ಕೆರೆಯ ನೀರು ಸಿಕ್ಕಿತ್ತು, ಇನ್ನು ಅವುಗಳ ಬಾಳೇವು ಸುಧಾರಿಸಿತು ಎಂದರು. ತೊಟ್ಟಿ ತುಂಬಿದಾಗ ನೀರು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿಯಾಗಿತ್ತು.

ಒಮ್ಮೆಲೇ ಐದನ್ನೂ ಬಿಡುವುದು ಬೇಡ, ಒಂದನ್ನು ಬಿಟ್ಟು ನೋಡೋಣ ಎಂಬ ಮುನ್ನೆಚ್ಚರಿಕೆಯಾದರೂ ನಮಗೆ ಹೊಳೆದದ್ದು ಪುಣ್ಯ. ಒಂದು ದಿನ ಫಿಲ್ಟರ್ ಓಡಿದ ಮೇಲೆ ಲೋಕಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು, ಚೀಲವನ್ನು ಹೊಸ ನೀರಿನ ಮೇಲೆ ತೇಲಿಬಿಟ್ಟು, ಎರಡೂ ನೀರಿನ ತಂಪು ಸಮವಾಗುವ ತನಕ ಕಾದೆವು. ಆಮೇಲೆ ಚೀಲದ ಬಾಯಿ ಬಿಚ್ಚಿದೆವು. ಲೋಕಲ್ ಹೊರಗೆ ಬಂತು, ಒಂದು ಸುತ್ತು ಹಾಕಿತು. ಬಾಗಿಲಲ್ಲಿ ನಿಂತಿದ್ದವರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವಷ್ಟರಲ್ಲಿ ಮೀನು ನಿಂತಿತ್ತು.

ಅದು ನಿಂತದ್ದು ತನ್ನ ರೂಢಿಯಂತೆ ಕಲ್ಲಿನೆದುರಿಗಲ್ಲ. ತಳದಲ್ಲಿ ಕೂತು ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ಒಂದು ಬದಿಗೆ ವಾಲಿತು. ಕಿವಿರುಗಳು ಬೇಗ ಬೇಗ ತೆರೆದು ಮುಚ್ಚುತ್ತಿದ್ದವು. ನಾನು ಕೈಗಡಿಯಾರ ನೋಡುತ್ತ, ಹೊಸ ಜಾಗ, ಹೆದರಿಕೆ, ಸರಿಹೋಗುತ್ತದೆ ಎಂದು ವಾದ ಹೂಡುತ್ತಿದ್ದೆ. ಚಾಚಾ ವಾದಕ್ಕೆ ಕಾಯಲಿಲ್ಲ. ಅಂಗಿಯ ತೋಳು ಏರಿಸಿ, ಸ್ಟೀಲಿನ ಬೋಗುಣಿಯಿಂದ ಮೀನನ್ನು ಎತ್ತಿ, ಚೀಲದಲ್ಲಿ ಉಳಿದಿದ್ದ ಹಳೆಯ ನೀರಿಗೆ ಬಿಟ್ಟು, ನನ್ನ ಕಡೆ ತಿರುಗಿಯೂ ನೋಡದೆ ಮನೆಗೆ ಹೊರಟರು. ನಾನು ಹಿಂದೆ ಓಡಿದೆ. ಹಳೆಯ ತೊಟ್ಟಿಯಲ್ಲಿ ಅದು ಮಧ್ಯಾಹ್ನದವರೆಗೂ ಮೂಲೆ ಹಿಡಿದಿತ್ತು. ಆಮೇಲೆ ಮೆಲ್ಲನೆ ಒಂದು ಕಲ್ಲಿನ ಬಳಿ ಹೋಗಿ ನಿಂತಿತು, ಇನ್ನೊಂದರ ಬಳಿ ಹೋಗಿ ನಿಂತಿತು.

“ಲೋಕಲ್ ಚಾಲೂ ಆತು,” ಎಂದರು ಚಾಚಿ. “ಈಗರ ಊಟಾ ಮಾಡ್ರಿ ಇಬ್ರೂ.”

ಊಟದ ಹೊತ್ತಿಗೆ ಚಾಚಾ ಹುಬ್ಬಳ್ಳಿಯ ಮಾತು ತೆಗೆದರು. ಮೀನು ಬದುಕಿದೆಯಾದ್ದರಿಂದ ಷರತ್ತು ಮುರಿದಿಲ್ಲವೆಂದು ನಾನು ಹೇಳಿದೆ. ಆ ವಾದ ತಾಂತ್ರಿಕವಾಗಿ ಸರಿಯಿತ್ತು; ಅವರ ಮುಖ ನೋಡಿದಾಗ ನನಗೇ ಸಣ್ಣದೆನಿಸಿತು. ಹೊಸ ನೀರಿನಲ್ಲಿ ಏನು ತಪ್ಪಿದೆಯೆಂದು ತಿಳಿಯುವ ತನಕ ತಡೆಯಿರೆಂದು ಮಾತ್ರ ಕೇಳಿಕೊಂಡೆ.

ನೀರಿನ ಘಟಕ ನೋಡಿಕೊಳ್ಳುವವರ ಹತ್ತಿರ ಪೆನ್ನಿನಂಥ ಒಂದು ಮೀಟರ್ ಇರುತ್ತದೆ. ನೀರಿನಲ್ಲಿ ಅದ್ದಿದರೆ ಎಷ್ಟು ಉಪ್ಪಿನಂಶ ಕರಗಿದೆಯೆಂದು ತೋರಿಸುತ್ತದೆ. ಅದನ್ನು ಬೇಡಿ ತಂದು ಮೊದಲು ಗ್ರಂಥಾಲಯದ ತೊಟ್ಟಿಯಲ್ಲಿ ಅದ್ದಿದೆ. ಅಂಕಿ ಇಲ್ಲವೆನ್ನುವಷ್ಟು ಕೆಳಗೆ. ಚಾಚಾ ಮನೆಯ ತೊಟ್ಟಿಯಲ್ಲಿ ಅದ್ದಿದೆ. ಅಂಕಿ ಏರುತ್ತ ಹೋಗಿ ಕೆರೆಯ ನೀರಿನದಕ್ಕಿಂತ ಎಷ್ಟೋ ಮೇಲೆ ನಿಂತಿತು. ಮೀಟರ್ ಕೆಟ್ಟಿರಬೇಕೆಂದು ಚಾಚಾ, ಕೆಟ್ಟಿಲ್ಲವೆಂದು ನಾನು. ಮತ್ತೆ ಅದ್ದಿದರೂ ಅದೇ ಅಂಕಿ.

ಅಂಗಡಿಯವರಿಗೆ ಫೋನು ಹಚ್ಚಿ, ತಂದಿಟ್ಟುಕೊಂಡಿದ್ದ ಮೀನು ಸಾಕಣೆಯ ಪುಸ್ತಕ ತಿರುವಿ, ಚಾಚಾ ಅವರನ್ನು ಪ್ರಶ್ನೆ ಕೇಳಿ ಕೇಳಿ ಸಂಜೆಗೆ ವಿಷಯ ಸ್ಪಷ್ಟ ಮಾಡಿಕೊಂಡೆ. ಚಾಚಾ ತೊಟ್ಟಿಯ ನೀರನ್ನು ಅಪರೂಪಕ್ಕೆ ಬದಲಿಸುತ್ತಿದ್ದರು. ನೀರು ಆರಿ ಕೆಳಗಿಳಿದಾಗ ಇಳಿದಷ್ಟನ್ನು ಮೇಲಿಂದ ಸುರಿಯುತ್ತಿದ್ದರು. ಆರುವುದು ನೀರು ಮಾತ್ರ, ಉಪ್ಪು ಆರುವುದಿಲ್ಲ. ವರ್ಷ ವರ್ಷದ ಉಪ್ಪು ಅಲ್ಲೇ ಕೂಡುತ್ತ ಬಂದಿತ್ತು. ಏರಿದ್ದು ಮೆಲ್ಲಗೆ ಏರಿದ್ದರಿಂದ ಮೀನುಗಳು ಅದಕ್ಕೆ ಒಗ್ಗಿದ್ದವು. ನಾವಾದರೋ ಅಲ್ಲಿಂದ ಎತ್ತಿ, ಘಟಕವು ಉಪ್ಪನ್ನೆಲ್ಲ ಸೋಸಿ ತೆಗೆದ ನೀರಿಗೆ ಒಂದೇ ಹಾರಿಗೆ ಹಾಕಿದ್ದೆವು. ಅಂಥ ನೀರು ಮೀನಿನ ಮೈಯೊಳಗೆ ನುಗ್ಗಿ ಅದನ್ನು ಒಳಗಿನಿಂದಲೇ ಮುಳುಗಿಸುತ್ತದೆ.

ಚಾಚಾ ಎದ್ದು ಹೋಗಿ ತೊಟ್ಟಿಯ ಮುಂದೆ ನಿಂತರು. “ಹಂಗಂದ್ರ ಇಷ್ಟ ವರ್ಷ ನಾನಽ ಅವಕ್ಕ ಉಪ್ಪಿನ ನೀರ ಕುಡಿಸಿನೇನ್ರಿ?”

“ನೀವು ಉಪ್ಪು ಕೂಡಿಸಿದ್ರಿ ಚಾಚಾ, ನಾನು ಪೂರಾ ತೆಗೆದೆ. ಇಬ್ರೂ ಚಲೋ ಮಾಡಾಕ ಹೋಗಿದ್ವಿ.”

“ಚಲೋ ಮಾಡವ್ರ ಇಬ್ರು ಕೂಡಿದ್ರ ಮೀನಿನ ಗತಿ ಹಿಂಗಽ,” ಎಂದು ಚಾಚಿ ಒಳಗಿನಿಂದ ತೀರ್ಪು ಕೊಟ್ಟರು.

ಅದುವರೆಗೆ ನಾನು ಯಾವ ನೀರು ಉತ್ತಮ ಎಂಬ ವಿಷಯದ ಮೇಲೆ ಚರ್ಚೆಗೆ ನಿಂತವಳ ಹಾಗೆ ಯೋಚಿಸುತ್ತಿದ್ದೆ. ಮೀನಿಗೆ ಆ ಪ್ರಶ್ನೆಯೇ ಇರಲಿಲ್ಲ. ಅದಕ್ಕೆ ಬೇಕಾಗಿದ್ದುದು ಅವಸರವಿಲ್ಲದ ಬದಲಾವಣೆ. ಸುಧಾರಣೆಯ ಹುರುಪಿನಲ್ಲಿರುವವರು ಇದನ್ನು ಒಮ್ಮೆಯಾದರೂ ಗಾಜಿನೊಳಗೆ ಕಣ್ಣಾರೆ ನೋಡಬೇಕು.

ಮಾಡಬೇಕಾದುದು ಎರಡು ಕಡೆಯ ಕೆಲಸವಾಗಿತ್ತು. ಹೊಸ ತೊಟ್ಟಿಯಲ್ಲಿ ಅರ್ಧ ನೀರು ತೆಗೆದು ಕೆರೆಯ ನೀರು ಹಾಕಬೇಕು. ನಳದಲ್ಲಿ ಬರುವ ಕೆರೆಯ ನೀರಿಗೆ ಬ್ಲೀಚಿಂಗ್ ಪುಡಿ ಬಿದ್ದಿರುವುದರಿಂದ ಅದನ್ನು ಮೊದಲು ಅಗಲವಾದ ಟಬ್ಬಿನಲ್ಲಿ ಬಿಸಿಲಿಗಿಟ್ಟು ವಾಸನೆ ಹೋಗಿಸಬೇಕು. ಹಳೆಯ ತೊಟ್ಟಿಯಿಂದ ದಿನಕ್ಕೊಂದು ಬಕೆಟ್ ತೆಗೆದು ಹೊಸದಕ್ಕೆ ಹಾಕಿ, ಅಷ್ಟೇ ನೀರನ್ನು ಹೊಸ ತೊಟ್ಟಿಯಿಂದ ತಂದು ಮಗ್ಗಿನಿಂದ ಸುರಿಯಬೇಕು. ಎರಡೂ ತೊಟ್ಟಿಗಳ ಅಂಕಿ ನಡುವಿನಲ್ಲೆಲ್ಲೋ ಸಂಧಿಸಿದ ದಿನ ಮೀನುಗಳನ್ನು ಸಾಗಿಸಬೇಕು. ಅದಕ್ಕೆ ಒಂದು ವಾರಕ್ಕಿಂತ ಹೆಚ್ಚು ಬೇಕೆಂದು ಅಂಗಡಿಯವರು ಹೇಳಿದರು. ನಮಗೆ ಅಷ್ಟು ಕಾಲವಿರಲಿಲ್ಲ. ಮನೆ ಕೆಡವುವ ಆಳುಗಳಿಗೆ ಚಾಚಾ ಮುಂಗಡ ಮಾತು ಕೊಟ್ಟಾಗಿತ್ತು. ಅದಕ್ಕಿಂತ ಮೊದಲು, ಎರಡೇ ದಿನಗಳಲ್ಲಿ, ತೊಟ್ಟಿಯ ಉದ್ಘಾಟನೆ ಇತ್ತು.

ಉದ್ಘಾಟನೆಯನ್ನು ಮುಂದೂಡಿರೆಂದು ಕೇಳಲು ಹೋದೆ. ಅಧ್ಯಕ್ಷರು ಸಜ್ಜನರು, ಆದರೆ ಸುತ್ತಲಿನ ಊರುಗಳ ಪಂಚಾಯತಿಯವರನ್ನು, ಶಲವಡಿಯವರನ್ನೂ ಕರೆದಾಗಿತ್ತು. ಕಾರ್ಯಕ್ರಮ ಗೊತ್ತುಮಾಡಿದ ದಿನವೇ ನಡೆಯಿತು. ರಿಬ್ಬನ್ ಕಟ್ಟಿದ ತೊಟ್ಟಿಯಲ್ಲಿ ನೀರು, ಕಲ್ಲು, ನಾಲ್ಕು ಹಸಿರು ಗಿಡ. ಬಂದವರು ಬಗ್ಗಿ ನೋಡಿದರು, ಆ ಬದಿಯಿಂದ ಈ ಬದಿಗೆ ಹೋಗಿ ನೋಡಿದರು. ನಮ್ಮೂರಿನ ಮೀನು ಪುಸ್ತಕದ ಹಾಗೆ ಯಾರೋ ಒಯ್ದು ತಿರುಗಿ ಕೊಟ್ಟಿಲ್ಲವೇನೋ ಎಂದು ಪಕ್ಕದೂರಿನವರೊಬ್ಬರು ಕೇಳಿದಾಗ ಕೋಣೆಯೆಲ್ಲ ನಕ್ಕಿತು. ಅಧ್ಯಕ್ಷರು ನನ್ನನ್ನು ಬದಿಗೆ ಕರೆದರು. ಚಾಚಾ, ಚಾಚಿ ಅಲ್ಲೇ ನಿಂತಿದ್ದರು.

“ಅಕ್ಕಾರ, ಒಂದ ಐದ ಮಿನಿಟ್ ಮೀನ ಬಿಡ್ರಿ. ಫೋಟೋ ತಗ್ಯೂಣು, ಮತ್ತ ತಕ್ಕೊಂಡ ಹೋಗ್ಲಿ. ಐದ ಮಿನಿಟಿಗೆ ಏನಾಕ್ಕೈತ್ರಿ?”

ಏನೂ ಆಗದಿರಬಹುದಿತ್ತು. ಲೋಕಲ್ ಬದುಕಿತ್ತಲ್ಲ. ತೊಟ್ಟಿ ಕೊಡಿಸಿದವರು ಅವರು, ಮುಂದೆ ಕಪಾಟು ಕೊಡಿಸಬೇಕಾದವರೂ ಅವರೇ. ಉದ್ಘಾಟನೆಗಾಗಿ ನಾನು ಸಿದ್ಧಮಾಡಿದ್ದ ಭಾಷಣ ಕೈಯಲ್ಲಿತ್ತು. ಚಾಚಾ ನನ್ನ ಮುಖ ನೋಡುತ್ತಿದ್ದರು. ಅಧ್ಯಕ್ಷರಿಗೆ ಎದುರಾಡುವುದು ಅವರಿಗೂ ಆಗದ ಮಾತು. ನಾನು ಹೂಂ ಎಂದರೆ ಅವರು ಬೋಗುಣಿ ತರುತ್ತಿದ್ದರು, ಮತ್ತು ಒಂದಕ್ಕೆ ಏನಾದರೂ ಆಗಿದ್ದರೆ ಉಳಿದವು ಅವತ್ತೇ ಹುಬ್ಬಳ್ಳಿಯ ಬಸ್ಸಿನಲ್ಲಿರುತ್ತಿದ್ದವು.

“ಬಿಡೂದಿಲ್ಲರಿ,” ಎಂದೆ. “ಇವತ್ತು ಮೀನಿಲ್ಲ. ಕಾರಣ ನಾನಽ ಎದ್ದು ನಿಂತು ಹೇಳತೇನಿ.”

ಅಧ್ಯಕ್ಷರು ಹುಬ್ಬು ಗಂಟಿಕ್ಕಿದರು. ಅಷ್ಟರಲ್ಲಿ ಚಾಚಿ ಸೆರಗು ಸರಿಮಾಡಿಕೊಂಡರು. “ಸಾಹೇಬ್ರ, ಫೋಟೋದಾಗ ನೀವು ಚಂದ ಬರ್ತೀರಿ. ಮೀನ ಬಾಜುಕ ನಿಂತ್ರ ನಿಮ್ಮನ್ನ ಯಾರ ನೋಡ್ತಾರ್ರಿ?”

ಅಧ್ಯಕ್ಷರು ನಗಬಾರದೆಂದು ಬಹಳ ಪ್ರಯತ್ನಿಸಿ ಸೋತರು. ಭಾಷಣದ ಹಾಳೆಯನ್ನು ಮಡಚಿಟ್ಟು ನಾನು ನಿಂತು, ನಡೆದದ್ದನ್ನು ನಡೆದಂತೆ ಹೇಳಿದೆ: ನೀರು ತರಿರೆಂದು ಕರೆದವಳು ನಾನು, ತಂದವರು ತಮ್ಮ ಮನೆಯ ಒಳ್ಳೆಯ ನೀರನ್ನೇ ತಂದರು, ಅದರಲ್ಲಿ ಅರ್ಧವನ್ನು ಈಗ ತೆಗೆಯಬೇಕಾಗಿದೆ. ಆಮೇಲೆ ಕೆಳಗಿನ ಓಣಿಯ ಒಬ್ಬ ತಾಯಿ ಕೇಳಿದಳು, “ಯಾವ ಓಣಿ ನೀರ ತಗೀತೀರ್ರೀ?”

ಆ ಪ್ರಶ್ನೆಯಲ್ಲಿ ಎಷ್ಟು ಹಳೆಯ ಅನುಮಾನವಿತ್ತೆಂಬುದು ನನಗೂ ಗೊತ್ತು, ಅಲ್ಲಿದ್ದವರಿಗೂ ಗೊತ್ತು. ನಾನು ತೊಟ್ಟಿಯ ಕಡೆ ಕೈ ತೋರಿಸಿ, ನಿಮ್ಮ ಓಣಿಯದು ಇದರಲ್ಲಿ ಎಲ್ಲಿದೆ ಹುಡುಕಿ ಕೊಡಿರಿ, ಅದನ್ನು ಬಿಟ್ಟು ಉಳಿದದ್ದನ್ನು ತೆಗೆಯುತ್ತೇನೆ ಎಂದೆ. ಆಕೆ ನಿಜವಾಗಿಯೂ ಹತ್ತಿರ ಬಂದು ನೋಡಿದಳು. ನಕ್ಕಳು. ಅವಳ ಹಿಂದೆ ಇನ್ನೂ ನಾಲ್ಕು ಜನ ಹೆಂಗಸರು ಬಂದು ನೋಡಿದರು. ಗ್ರಂಥಾಲಯದಲ್ಲಿ ಅಷ್ಟು ಒಳಗೆ, ಕೈಯಲ್ಲಿ ಕೊಡವಿಲ್ಲದೆ, ಬರೀ ನೋಡಲೆಂದು ಅವರು ಬಂದದ್ದು ಅಂದೇ ಮೊದಲು.

ಮನೆ ಕೆಡವುವ ತೊಡಕನ್ನು ಬಿಡಿಸಿದವರೂ ಚಾಚಿ. ಹಿಂದಿನ ಅಡಿಗೆಮನೆಯಿಂದ ಶುರುಮಾಡಿರಿ, ಪಡಸಾಲೆಯನ್ನು ಕಟ್ಟಕಡೆಗೆ ಕೆಡವಿರಿ ಎಂದು ಆಳುಗಳಿಗೆ ಅಪ್ಪಣೆಯಾಯಿತು. ಆ ದಿನಗಳಲ್ಲಿ ಅವರ ಮನೆಯನ್ನು ನೋಡಬೇಕಿತ್ತು. ಹಿಂದೆ ಆಕಾಶ, ಬದಿಗೆ ಮಣ್ಣಿನ ಗುಡ್ಡೆ, ನಡುವೆ ಮಾಳಿಗೆಯ ತುಂಡೊಂದನ್ನು ಹೊತ್ತ ಪಡಸಾಲೆ, ಅದರಲ್ಲಿ ಐದು ಮೀನು. ಧೂಳು ಬೀಳದಂತೆ ತೊಟ್ಟಿಯ ಮೇಲೆ ಚಾಚಿಯ ಹಳೆಯ ಸೀರೆಯನ್ನು ಒದ್ದೆ ಮಾಡಿ ಹೊದಿಸಿದ್ದೆವು. ತೊಲೆ ಬೀಳಿಸುವ ಮೊದಲು ಆಳುಗಳು ಕೂಗುತ್ತಿದ್ದರು. ಚಾಚಾ ಹೋಗಿ ಎರಡೂ ಕೈಯಿಂದ ಗಾಜನ್ನು ಹಿಡಿದು ನಿಲ್ಲುತ್ತಿದ್ದರು. ನನಗೂ ಅಂಟಿನ ಮೂಲೆಯದೇ ಚಿಂತೆ. ಅದು ಬೆವರತೊಡಗಿದ ದಿನ ಹಳೆಯ ಟ್ಯೂಬಿನ ರಬ್ಬರ್ ಕತ್ತರಿಸಿ ಸುತ್ತ ಬಿಗಿದು ಕಟ್ಟಿದೆವು.

ದಿನವೂ ಮುಂಜಾನೆ ಒಂದು ಬಕೆಟ್ ಅಲ್ಲಿಂದ ಇಲ್ಲಿಗೆ, ಒಂದು ಬಕೆಟ್ ಇಲ್ಲಿಂದ ಅಲ್ಲಿಗೆ. ನಾನೊಬ್ಬಳೇ ಹೊರುತ್ತಿದ್ದುದನ್ನು ನೋಡಿ ಓಣಿಯ ಹೆಂಗಸರು ಸರದಿ ಹಿಡಿದರು. ಬಕೆಟ್ ಇಳಿಸಿದ ಮೇಲೆ ಮೀಟರ್ ಅದ್ದಿ ಅಂಕಿ ನೋಡುವುದು ಅವರಿಗೆ ಕ್ರಿಕೆಟ್ಟಿನ ಸ್ಕೋರು ಕೇಳಿದಂತಾಯಿತು. ಅಂಕಿ ಓದಲು ಬಾರದ ಇಬ್ಬರು ಆ ನೆಪದಲ್ಲಿ ಅಂಕಿ ಕಲಿತರು. ಇದನ್ನು ನಾನು ಯೋಜಿಸಿರಲಿಲ್ಲ. ಒಂದು ಮಧ್ಯಾಹ್ನ ಕರೆಂಟು ಹೋಗಿ ಗಾಳಿಯ ಪಂಪು ನಿಂತು ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗಿದಾಗ, ಕರೆಂಟು ಬರುವ ತನಕ ಚಾಚಿ ಮಗ್ಗಿನಿಂದ ನೀರೆತ್ತಿ ಎತ್ತಿ ಸುರಿದರು. ಸುರಿಯುತ್ತ ಅವರು ನಾನ್‌ಸ್ಟಾಪ್‌ಗೆ ಬೈಯುತ್ತಿದ್ದುದು ಉರ್ದುವಿನಲ್ಲಾದ್ದರಿಂದ ನನಗೆ ಪೂರ್ತಿ ತಿಳಿಯಲಿಲ್ಲ.

ಅಂಕಿಗಳು ಸಮೀಪಿಸಿದವು, ಒಂದೇ ಆಗಲಿಲ್ಲ, ಆಗಲೂಬೇಕಿರಲಿಲ್ಲ. ಹಿಂದಿನ ದಿನ ಮೀನುಗಳಿಗೆ ಉಪವಾಸ. ಹೊಟ್ಟೆ ತುಂಬಿದ ಮೀನು ಪ್ರಯಾಣದಲ್ಲಿ ನೀರು ಕೆಡಿಸುತ್ತದೆ. ಬೆಳಗಿನ ತಂಪಿನಲ್ಲಿ ಮುಚ್ಚಳದ ಬಕೆಟ್ಟುಗಳಲ್ಲಿ ಹಳೆಯ ತೊಟ್ಟಿಯ ನೀರು ಹಾಕಿ, ಬಲೆ ಬಳಸದೆ ಬೋಗುಣಿಯಿಂದ ಒಂದೊಂದನ್ನೇ ಎತ್ತಿಟ್ಟೆವು. ಬಲೆಯಲ್ಲಿ ಒದ್ದಾಡಿದರೆ ಹುರುಪೆ ಉದುರಿ ಅಲ್ಲೇ ಹುಣ್ಣಾಗುತ್ತದೆ. ಕತ್ತಲೆಯಲ್ಲಿ ಶಾಂತವಾಗಿರಲೆಂದು ಬಕೆಟ್ಟುಗಳಿಗೆ ಟವೆಲ್ ಸುತ್ತಿ ಟಂಟಂ ಗಾಡಿಯಲ್ಲಿಟ್ಟೆವು. ಚಾಚಾ ಮುಂದೆ ಕೂಡಲು ಒಪ್ಪಲಿಲ್ಲ. ಹಿಂದೆ ಬಕೆಟ್ಟುಗಳ ನಡುವೆ ಕೂತು, ಟಂಟಂ ಓಡಿಸುವವನಿಗೆ ಇಡೀ ದಾರಿ ಪಾಠ ಹೇಳಿದರು: ಬ್ರೇಕ್ ಒತ್ತಬೇಡ, ಗೇರ್ ಇಳಿಸು, ರಸ್ತೆಯ ಕುಣಿಗೆ ಎದುರಾಗಿ ಹೋಗಬೇಡ, ಓರೆಯಾಗಿ ಇಳಿಸು. ಆತ ಕೊನೆಗೆ ಗಾಡಿ ನಿಲ್ಲಿಸಿ, “ಚಾಚಾ, ನೀವಽ ಹೊಡೀರಿ, ನಾ ಮೀನ ಹಿಡಕೊಂಡ ಕೂಡತೇನಿ” ಎಂದ. ಚಾಚಾ ಒಂದು ಕ್ಷಣ ಯೋಚಿಸಿದ್ದು ನನಗೆ ಕಂಡಿತು. ಆದರೆ ಬಕೆಟ್ ಬಿಡಲಿಲ್ಲ.

ಗ್ರಂಥಾಲಯದಲ್ಲಿ ಕೊನೆಯ ಕೆಲಸ. ಆಸ್ಪತ್ರೆಯ ನರ್ಸ್ ಕೊಟ್ಟಿದ್ದ ಹೊಸ ಸಲೈನ್ ನಳಿಕೆಗಳ ಒಂದು ತುದಿಯನ್ನು ತೊಟ್ಟಿಗೆ ಬಿಟ್ಟು, ಇನ್ನೊಂದು ತುದಿಯಿಂದ ಬಕೆಟ್ಟುಗಳಿಗೆ ಹೊಸ ನೀರನ್ನು ಹನಿ ಹನಿಯಾಗಿ ಇಳಿಸಿದೆವು. ನಳಿಕೆಯ ಮೇಲಿನ ಸಣ್ಣ ಚಕ್ರ ತಿರುಗಿಸಿದರೆ ಹನಿಯ ವೇಗವನ್ನು ಹೆಚ್ಚುಕಡಿಮೆ ಮಾಡಬಹುದು. ನೋಡಲು ಬಂದವರು, ಮೀನಿಗೆ ಏನು ಬ್ಯಾನಿ, ಯಾವ ಡಾಕ್ಟರು ಎಂದು ವಿಚಾರಿಸಿ ಹೋದರು. ಬಕೆಟ್ಟಿನ ನೀರು ಎರಡರಷ್ಟಾಗುವ ತನಕ ಕಾದು, ಬೋಗುಣಿಯನ್ನು ತೊಟ್ಟಿಯ ನೀರಿನಲ್ಲಿ ಓರೆಮಾಡಿ ಹಿಡಿದೆವು. ಮೊದಲು ಹೊರಟದ್ದು ಜೋಡಿ. ಆಮೇಲೆ ನಾನ್‌ಸ್ಟಾಪ್. ವಸ್ತಿಯನ್ನು ಬೆರಳಿನಿಂದ ತಳ್ಳಬೇಕಾಯಿತು. ಲೋಕಲ್ ಕೊನೆಯದು. ಬೋಗುಣಿಯ ಅಂಚಿನಲ್ಲಿ ನಿಂತಿತು. ತೊಟ್ಟಿಗಿಳಿದು ಮೊದಲ ಕಲ್ಲಿನ ಮುಂದೆ ನಿಂತಿತು. ಎರಡನೆಯದರ ಮುಂದೆ ನಿಂತಿತು. ರೆಕ್ಕೆಗಳು ಅಗಲವಾಗಿ ಬಿಚ್ಚಿದ್ದವು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಅದರ ಕಿವಿರು ನೋಡುತ್ತಿದ್ದರು.

ದಿನಗಳು ಕಳೆದವು, ಐದೂ ಉಳಿದವು. ಪಡಸಾಲೆ ಬಿತ್ತು. ಚಾಚಾ ಬಾಯಲ್ಲಿ ಹುಬ್ಬಳ್ಳಿಯ ಹೆಸರು ಮತ್ತೆ ಬರಲಿಲ್ಲ.

ಬರುವ ಮಕ್ಕಳು ಮಂಡಕ್ಕಿ, ಬಿಸ್ಕೀಟು ಎಸೆಯತೊಡಗಿದ್ದರಿಂದ, ಮೀನಿಗೆ ಯಾರೂ ಏನನ್ನೂ ಹಾಕಬಾರದೆಂದು ಒಂದು ಫಲಕ ಬರೆದು ತೂಗುಹಾಕಿದೆ. ಮರುದಿನ ಬಾಗಿಲು ತೆರೆದು ಕೆಲಸದಲ್ಲಿದ್ದಾಗ ಚಾಚಾ ಬಂದದ್ದು ಗಮನಕ್ಕೆ ಬರಲಿಲ್ಲ. ತಲೆಯೆತ್ತಿದಾಗ ಅವರು ತೊಟ್ಟಿಯ ಎಡಬದಿಗೆ, ಫಲಕದ ಮುಂದೆ, ಮೀನಿನ ಕಾಳಿನ ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

“ಅದು ಮಂದಿಗೆ ಬರದದ್ದು ಚಾಚಾ, ನಿಮಗಲ್ಲ,” ಎಂದೆ.

“ಬೋರ್ಡ್ ಅಂದ್ರ ಎಲ್ಲಾರಿಗೂ ಒಂದಽ ರೀ. ನೀವು ಹಾಕ್ರಿ. ನಾ ನೋಡತೇನಿ.”

ಎಷ್ಟು ಹೇಳಿದರೂ ಕೇಳಲಿಲ್ಲ. ನಾನು ಪೊಟ್ಟಣ ಇಸಿದುಕೊಂಡು, ತೊಟ್ಟಿಯ ಬಲತುದಿಗೆ ನಿಂತು ಒಂದು ಚಿಟಿಕೆ ಕಾಳು ಉದುರಿಸಿದೆ. ಕಾಳು ನನ್ನ ಮುಂದೆ ತೇಲಿತು. ನಾನ್‌ಸ್ಟಾಪ್, ಹಿಂದೆ ಜೋಡಿ, ಅದರ ಹಿಂದೆ ಕತ್ತಲಿಲ್ಲದ ಹೊತ್ತಿನ ವಸ್ತಿ, ದಾರಿಯಲ್ಲಿ ನಿಲ್ಲುತ್ತ ನಿಲ್ಲುತ್ತ ಲೋಕಲ್, ಐದೂ ಚಾಚಾ ನಿಂತಿದ್ದ ಎಡಗಡೆಯ ಗಾಜಿಗೆ ಹೋಗಿ ಬಾಯಿ ಹಚ್ಚಿ ಸಾಲಾಗಿ ನಿಂತವು. ನಾನು ಇನ್ನೊಂದು ಚಿಟಿಕೆ ಉದುರಿಸಿದೆ. ಒಂದೂ ತಿರುಗಲಿಲ್ಲ.

“ಲೇ, ಅಲ್ಲಿ ಐತಿ ಊಟ. ಅಕ್ಕಾರ ಹಾಕ್ಯಾರ, ಹೋಗ್ರಿ,” ಎಂದು ಚಾಚಾ ತಗ್ಗಿದ ದನಿಯಲ್ಲಿ ಗದರಿದರು. ಗದರುತ್ತ ಗದರುತ್ತ ಗಾಜಿನ ಗುಂಟ ಬೆರಳಾಡಿಸಿ, ಒಂದೊಂದು ಹೆಜ್ಜೆಯಾಗಿ ನನ್ನ ಕಡೆ ನಡೆದು ಬಂದರು. ಮೀನುಗಳೂ ಬಂದವು.